ಗಾಜು ಒಡೀತು ಅನ್ಬಾರ್ದು

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಡೋ ಗಡಿಬಿಡೀಲಿ ಸರದ ಹುಕ್ಕು ಹಾಕ್ಕೊಳ್ತಾ ಇದ್ದೆ, ಹುಕ್ಕು ಜಾರಿ, ಗಾಜಿನೊಳಗೆ ಗಾಜಿನದೇ ಹೂವಿರೋ ನನ್ನ ಮಿಲ್ಲೆಫಿಯೋರಿ ಪೆಂಡೆಂಟು ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ಬಿತ್ತು. ಟಣ್ ಅಂತ ಒಂದೇ ಸದ್ದು, ಎರಡು ಹೋಳು. "ಅಯ್ಯೋ ಒಡೆದೋಯ್ತು" ಅಂತ ಕೂಗಿಬಿಟ್ಟೆ. ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೀತಾ ಕೂತಿದ್ದ ನಮ್ಮತ್ತೆ ತಲೆ ಎತ್ತದೇನೇ ಹೇಳಿದ್ರು, "ಗಾಜು ಒಡೀತು ಅನ್ಬಾರ್ದು ಮಾರಾಯ್ತಿ, ಹೆಚ್ಚಿತು ಅನ್ನು."

ಬಳೆಗೆ ಹೇಳೋ ಮಾತು ಅದು, ನಮ್ಮಜ್ಜಿ ಬಾಯಲ್ಲೂ ಕೇಳಿದ್ದೀನಿ. ಆದ್ರೆ ಅತ್ತೆ ಹೇಳಿದ ದನಿ ಇದ್ಯಲ್ಲ, ಅದು ಇಡೀ ವಾರ ಕಿವಿಯಿಂದ ಹೋಗ್ಲೇ ಇಲ್ಲ. ಮಾವ ಹೋಗಿ ಐದು ವರ್ಷ ಆಯ್ತು, ಅವತ್ತಿಂದ ಅತ್ತೆ ಕೈಯಲ್ಲಿ ಗಾಜಿನ ಬಳೆ ಇಲ್ಲ.

ಗಾಜಿನ ಹುಚ್ಚು ನಂಗೆ ಶುರುವಾಗಿದ್ದು ಅಪ್ಪನ ಆಫೀಸಲ್ಲಿ. ಕೆ.ಆರ್. ಸರ್ಕಲ್ ಹತ್ರ ಹಳೇ ಕಟ್ಟಡ, ಮೇಲೆ ಗರಗರ ಫ್ಯಾನು, ಟೇಬಲ್ ತುಂಬ ಫೈಲು, ಫೈಲ್ ಮೇಲೆ ಒಂದು ಗುಂಡನೆ ಪೇಪರ್‌ವೇಟ್, ಒಳಗೆ ಕೆಂಪು ಹಳದಿ ಎಸಳು, ಎಸಳಿನ ಮಧ್ಯೆ ಗಾಳಿಗುಳ್ಳೆ. ಅಪ್ಪ ಕೆಲಸ ಮುಗಿಸೋ ತನಕ ಅದನ್ನ ಬುಗುರಿ ಥರ ತಿರುಗಿಸ್ತಾ ಕೂರ್ತಿದ್ದೆ. ಆಮೇಲೆ ಅಪ್ಪ ಅವೆನ್ಯೂ ರೋಡಿಂದ ನಂಗೇ ಅಂತ ಒಂದು ತಂದ್ರು. ಈಗ ಹನ್ನೊಂದು ಪೇಪರ್‌ವೇಟ್ ಇವೆ, ಪೆಂಡೆಂಟು ಮಣಿಸರ ಬೇರೆ. ಸುಮಾರು ಎಲ್ಲವೂ ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರೋಡಿನ ಸಂಡೆ ಬಜಾರಲ್ಲಿ ನೆಲದ ಮೇಲೆ ಹರಡಿರೋ ಹಳೇ ಸಾಮಾನಿನ ನಡುವೆ ಸಿಕ್ಕಿದ್ದು. ಈ ಪೆಂಡೆಂಟೂ ಅಲ್ಲೇದೇ, ಎಂಟು ವರ್ಷದ ಹಿಂದೆ 350 ರೂಪಾಯಿ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟರಲ್ಲಿ ಹದಿನೇಳು ಹೂವು. ಎಣಿಸಿದ್ದೀನಿ, ಒಂದರ ಥರ ಇನ್ನೊಂದಿಲ್ಲ.

ಮಿಲ್ಲೆಫಿಯೋರಿ ಅಂದ್ರೆ ಇಟಾಲಿಯನ್ ಭಾಷೇಲಿ ಸಾವಿರ ಹೂವು. ಆ ಹೂವೂ ಗಾಜಿಂದೇ ಅಂದ್ರೆ ನಮ್ಮ ನಾದಿನಿ ಯಾವತ್ತೂ ನಂಬಿರ್ಲಿಲ್ಲ, ನೋಡಿದಾಗೆಲ್ಲ "ಒಳಗೆ ಸ್ಟಿಕ್ಕರ್ ಹಾಕಿರ್ತಾರೆ ಬಿಡು, ಅದೇ ದುಡ್ಡಿಗೆ ಬೆಳ್ಳಿ ಬರ್ತಿತ್ತು" ಅಂತಿದ್ಲು. ಒಳ್ಳೇ ಹುಡುಗಿ, ಕಷ್ಟಕ್ಕೆ ಮೊದಲು ಓಡಿ ಬರೋಳು ಅವಳೇ, ಆದ್ರೆ ಯಾವ ವಸ್ತು ಕೈಗೆ ಬಂದ್ರೂ ಮೊದಲು ರೇಟು ಕೇಳೋದು, ಆಮೇಲೆ ನೋಡೋದು. ಅದು ನಂಗೆ ಹಿಡಿಸಲ್ಲ.

ಸ್ಟಿಕ್ಕರ್ ಅಲ್ಲ ಅಂತ ಮಂಗಳವಾರ ನನ್ನ ಕಣ್ಣಿಗೇ ಕಾಣಿಸ್ತು. ಹೋಳು ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ಬಿರುಕು ಒಂದು ಹೂವಿನ ನಡುವೆನೇ ಹಾದುಹೋಗಿತ್ತು. ಆ ಅಂಚಲ್ಲಿ ನೋಡಿದ್ರೆ ಬಿಳಿ, ನೀಲಿ, ಕೆಂಪು ಮೂರೂ ಬಣ್ಣ ಮುಂದಿನ ಮುಖದಿಂದ ಬೆನ್ನಿನವರೆಗೂ ಗೆರೆ ಗೆರೆಯಾಗಿ ಇಳಿದಿತ್ತು, ಎಲ್ಲೂ ತುಂಡಾಗಿಲ್ಲ. ಅತ್ತೆಗೆ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಸೆರಗಲ್ಲಿ ಹೋಳು ಒರೆಸಿ, ತುಂಬ ಹೊತ್ತು ನೋಡಿದ್ರು. ನೋಡಿ, "ಒಳಗಿಂದ್ಲೂ ಹೂವೇನೇ. ಪತ್ರೊಡೆ ಸುತ್ತಿ ಬಿಲ್ಲೆ ಕೊಯ್ದ ಹಂಗೆ" ಅಂದ್ರು.

ಇಷ್ಟು ವರ್ಷದಲ್ಲಿ ಯಾರಿಗೆ ಎಷ್ಟು ಸಲ ವಿವರಿಸಿದ್ದೀನೋ, ಇಷ್ಟು ಸರಿಯಾಗಿ ನಾನೇ ಹೇಳಿರ್ಲಿಲ್ಲ. ಕೆಲಸ ಇರೋದೇ ಹಾಗೆ. ಕಾದ ಗಾಜಿನ ಮೇಲೆ ಬೇರೆ ಬಣ್ಣದ ಗಾಜು, ಅದರ ಮೇಲೆ ಇನ್ನೊಂದು, ನಡುವೆ ನಕ್ಷತ್ರದಾಕಾರದ ಅಚ್ಚಿಗೆ ಒತ್ತಿ ಎಸಳು ಮಾಡ್ತಾರೆ. ಆ ದಪ್ಪ ಉಂಡೇನ ಎರಡು ಕಡೆಯಿಂದ ಇಬ್ಬರು ಹಿಡ್ಕೊಂಡು ಹಿಂದಕ್ಕೆ ನಡೀತಾ ಎಳೀತಾರೆ, ಪೆನ್ಸಿಲ್‌ನಷ್ಟು ಸಣ್ಣ ಉದ್ದನೆ ಕಡ್ಡಿ ಆಗುತ್ತೆ, ಅದನ್ನ ಅಡ್ಡಡ್ಡ ಕತ್ತರಿಸಿದ್ರೆ ಪ್ರತಿ ಬಿಲ್ಲೇಲೂ ಅದೇ ಹೂವು. ಹೀಗೆ ಬೇರೆ ಬೇರೆ ಕಡ್ಡಿಯಿಂದ ಕತ್ತರಿಸಿದ ಬಿಲ್ಲೆಗಳನ್ನ ಜೋಡಿಸಿ ಕುಲುಮೇಲಿ ಕಾಯಿಸಿ ಬೆಸೆದ್ರೆ ಪೆಂಡೆಂಟು, ಮೇಲೆ ತಿಳಿ ಗಾಜಿನ ಗುಮ್ಮಟ ಕೂರಿಸಿದ್ರೆ ಪೇಪರ್‌ವೇಟು, ಆ ಗುಮ್ಮಟವೇ ಭೂತಗನ್ನಡಿ ಥರ ಹೂವನ್ನ ದೊಡ್ಡದು ಮಾಡಿ ತೋರಿಸುತ್ತೆ.

"ಎಳೆದ್ರೆ ಹೂವು ಕೆಡಲ್ವೇನೇ?" ಅಂದ್ರು ಅತ್ತೆ. ಎಲ್ಲ ಕಡೆ ಕಾವು ಒಂದೇ ಇದ್ರೆ ಕೆಡಲ್ಲ ಅತ್ತೆ, ಎಲ್ಲ ಬಣ್ಣವೂ ಒಟ್ಟಿಗೇ ಸಣ್ಣಗಾಗುತ್ತೆ ಅಂದೆ. ಅವತ್ತು ಆಫೀಸಿಗೆ ಲೇಟಾಗೇ ಹೋದೆ.

ಬುಧವಾರ ರಾತ್ರಿ ಊಟ ಆದ್ಮೇಲೆ ಅವರೇ ಕರೆದು ಪಕ್ಕ ಕೂರಿಸ್ಕೊಂಡು ಒಂದೊಂದೇ ಪೇಪರ್‌ವೇಟ್ ಕೈಗೆ ತಗೊಂಡ್ರು. ವೆನಿಸ್ ಹತ್ರ ಮುರಾನೋ ಅಂತ ದ್ವೀಪ ಇದೆ, 1291ರಲ್ಲಿ ಊರಿಗೆ ಬೆಂಕಿ ಬೀಳುತ್ತೆ ಅನ್ನೋ ಭಯಕ್ಕೆ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಸಾಗಿಸಿದ್ರು ಅಂತ ಹೇಳ್ದೆ. 1845ರ ಹೊತ್ತಿಗೆ ಜನ ಕಾಗದ ಬರೆಯೋದು ಜಾಸ್ತಿ ಆಗಿ ಫ್ರಾನ್ಸಿನ ಬಾಕರಾ, ಸೇಂಟ್ ಲೂಯಿ, ಕ್ಲಿಶಿ ಕಾರ್ಖಾನೆಗಳು ಇಂಥ ಪೇಪರ್‌ವೇಟ್ ಮಾಡಿದ್ದು, ಬಾಕರಾದವರು ಕೆಲವಲ್ಲಿ ಹೂವುಗಳ ನಡುವೆ ಒಂದು ಬಿಲ್ಲೇಲಿ 'ಬಿ' ಅಕ್ಷರ, 1848 ಅಂತ ಇಸವಿ ಇಟ್ಟಿದ್ದೂ ಹೇಳ್ದೆ. ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಸಿದ ಹಂಗೆ ಅಂದ್ರು.

ಆಮೇಲೆ ಎದ್ದು ಹೋಗಿ ಬೀರು ತೆಗೆದು ಒಂದು ತಗಡಿನ ಪೆಟ್ಟಿಗೆ ತಂದ್ರು. ಒಳಗೆ ಹಳೇ ಪಂಚೆ ತುಂಡಲ್ಲಿ ಸುತ್ತಿದ ಗಾಜಿನ ಬಳೆಗಳು. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೇದು, ಗಾಂಧಿ ಬಜಾರಿಂದು, ಕಡಲೆಕಾಯಿ ಪರಿಷೇಲಿ ಮಾವ ಕೊಡಿಸಿದ ನವಿಲುಬಣ್ಣದ್ದು. ನಂಗೆ ಮದುವೆಯಾಗಿ ಹದಿನಾಲ್ಕು ವರ್ಷ, ಈ ಪೆಟ್ಟಿಗೆ ಇರೋದೇ ಗೊತ್ತಿರ್ಲಿಲ್ಲ. ಅತ್ತೆ ಒಂದು ಬಳೆ ಸುತ್ತ ಉಗುರು ಆಡಿಸ್ತಾ ಬಂದು ಒಂದು ಕಡೆ ನಿಲ್ಲಿಸಿ "ಇಲ್ನೋಡು, ಇಲ್ಲಿ ಬೆಸೆದಿದ್ದಾರೆ" ಅಂದ್ರು. ಕಣ್ಣಿಗೆ ಕಾಣ್ಲಿಲ್ಲ, ಬೆರಳಿಗೆ ಸಿಕ್ತು, ಎಳ್ಳಿನಷ್ಟು ಉಬ್ಬು. ಫಿರೋಜಾಬಾದಲ್ಲಿ ಕಾದ ಗಾಜಿನ ಎಳೇನ ತಿರುಗೋ ಸರಳಿಗೆ ಸುರುಳಿ ಸುತ್ತಿ, ಕತ್ತರಿಸಿ, ಒಂದೊಂದನ್ನೂ ಉರಿಗೆ ಹಿಡಿದು ಬೆಸೀತಾರೆ ಅಂತ ನಾನು ಓದಿ ತಿಳ್ಕೊಂಡಿದ್ದು, ಅವರು ಕೈಯಿಂದ ತಿಳ್ಕೊಂಡಿದ್ರು.

ಮಾವ ಹೋದ ಹತ್ತನೇ ದಿನ ಸಂಬಂಧದಲ್ಲಿ ಹಿರಿಯರೊಬ್ರು ಬಳೆ ವಿಷಯ ಎತ್ತಿದ್ರು. ಇವರು, ನಾನು, ನಾದಿನಿ ಮೂರೂ ಜನ ಅದೆಲ್ಲ ನಮ್ಮನೇಲಿ ಬೇಡ ಅಂತ ಗಟ್ಟಿಯಾಗೇ ಹೇಳಿದ್ವಿ. ನಾವು ಗೆದ್ವಿ ಅಂದ್ಕೊಂಡಿದ್ದೆ. ಮಾರನೇ ದಿನ ನೋಡಿದ್ರೆ ಅತ್ತೆ ತಾವೇ ಒಂದೊಂದಾಗಿ ಕಳಚಿಟ್ಟಿದ್ರು, ಒಂದೂ ಒಡೀದೆ. ಆ ಹಿರಿಯರ ಮೇಲಿನ ಸಿಟ್ಟು ನಂಗಿನ್ನೂ ಇಳಿದಿಲ್ಲ. ಬಳೆ ಒಡೀತು ಅಂತ ಬಾಯಲ್ಲಿ ಅಂದ್ರೂ ಕೇಡು ಅಂತ ನಲವತ್ತೈದು ವರ್ಷ ಪದಾನೇ ಬದಲಾಯಿಸಿ ಮಾತಾಡಿದ ಹೆಂಗಸಿನ ಮುಂದೆ ಎಂಥ ಮಾತು ಅದು!

ಗುರುವಾರ ನಾದಿನಿ ಬಂದ್ಲು. ಹೋಳಿನ ಅಂಚು ನೋಡಿ ಸುಮ್ನಾಗಿ, "ಸಾರಿ ಕಣೇ, ನಿಜವಾಗ್ಲೂ ಗಾಜೇ" ಅಂದು, ಅಂಟು ಹಾಕಿ ಜೋಡಿಸೋಣ ಅಂದ್ಲು. ಅತ್ತೆ ಬೇಡ ಅಂದ್ರು. "ಹೆಚ್ಚಿದೆ ಅಂದ್ಮೇಲೆ ಎರಡಾಗೇ ಇರ್ಲಿ."

ಶುಕ್ರವಾರ ಅತ್ತೇನ ಕರ್ಕೊಂಡು ಚಿಕ್ಕಪೇಟೆಗೆ ಹೋದೆ. ಬೆಳ್ಳಿ ಕೆಲಸದವರು ಗಾಜಿಗೆ ಉರಿ ತಾಗಿಸೋ ಹಾಗಿಲ್ಲಮ್ಮ, ಸೀಳುತ್ತೆ, ಕಟ್ಟು ಬೇರೆ ಮಾಡಿ ಆಮೇಲೆ ಕೂರಿಸ್ತೀನಿ ಅಂತ ಎರಡೂ ಹೋಳಿನ ಅಳತೆ ತಗೊಂಡ್ರು. ಒಂದರಲ್ಲಿ ಹತ್ತು ಹೂವು, ಇನ್ನೊಂದರಲ್ಲಿ ಆರು, ನಡುವಿನದ್ದು ಅರ್ಧ ಅರ್ಧ. ಯಾವುದು ಯಾರಿಗೆ ಅಂತ ಅವರು ಕೇಳಿದ್ರು. ಅತ್ತೆ ಯೋಚಿಸ್ಲೂ ಇಲ್ಲ, ನೀಲಿ ಜಾಸ್ತಿ ಇರೋ ಆರು ಹೂವಿನದ್ದರ ಮೇಲೆ ಬೆರಳಿಟ್ಟು, "ಇದಕ್ಕೆ ಸರ ಸ್ವಲ್ಪ ಉದ್ದ ಇರ್ಲಿ, ಸೀರೆ ಮೇಲೆ ಕಾಣ್ಬೇಕು" ಅಂದ್ರು.