ವಿಳಾಸವಿಲ್ಲದ ಪರದೆ

ಪರದೆ ಮೇಲೆ ಗಡಿಯಾರ ತೋರಿಸುವ ಪ್ರೋಗ್ರಾಂ ಎಕ್ಸ್‌ಕ್ಲಾಕ್. ಅದರ ಹೆಸರು ಟೈಪ್ ಮಾಡಿ, ಹಿನ್ನೆಲೆಯಲ್ಲಿ ಓಡಲೆಂದು ಕೊನೆಗೊಂದು ಆಂಪರ್‌ಸ್ಯಾಂಡ್ (&) ಹಾಕಿ ಎಂಟರ್ ಒತ್ತಿದೆ. ಗಡಿಯಾರ ಬರಲಿಲ್ಲ. ದೋಷದ ಸಂದೇಶವೂ ಇಲ್ಲ. ಇನ್ನೊಮ್ಮೆ ಅದನ್ನೇ ಟೈಪಿಸಿ ಒತ್ತಿದೆ, ಮತ್ತೊಮ್ಮೆ. ಅಷ್ಟರಲ್ಲಿ ಫೋನ್ ಬಂತು. ಲೆಕ್ಕಪತ್ರ ವಿಭಾಗದ ಹಿರಿಯರು: "ಅಲ್ಲಾ ಮಾರಾಯ್ರೇ, ನನ್ನ ಪರದೆ ಮೇಲೆ ಯಾಕೆ ಗಡಿಯಾರ ಮರಿ ಹಾಕ್ತಿದೆ?"

ಇದು ತೊಂಬತ್ತರ ದಶಕದ ಮಾತು. ಎಕ್ಸ್ ಟರ್ಮಿನಲ್ ಎಂದರೆ ಡಿಸ್ಕ್ ಇಲ್ಲದ ಪೆಟ್ಟಿಗೆ. ಪರದೆ, ಕೀಲಿಮಣೆ, ಮೌಸ್, ಚಿತ್ರ ಬಿಡಿಸುವಷ್ಟು ಬುದ್ಧಿ, ಇಷ್ಟೇ. ಪ್ರೋಗ್ರಾಂ ಓಡುವುದು ದೂರದ ಯುನಿಕ್ಸ್ ಯಂತ್ರದಲ್ಲಿ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 1987ರಲ್ಲಿ ಹನ್ನೊಂದನೇ ಆವೃತ್ತಿಗೆ ಬಂದ, ಎಕ್ಸ್ ಎಂಬ ಈ ಕಿಟಕಿ ವ್ಯವಸ್ಥೆಯಲ್ಲಿ ಹೆಸರುಗಳೇ ಉಲ್ಟಾ: ನಮ್ಮೆದುರಿನ ಬಡ ಪೆಟ್ಟಿಗೆ ಸರ್ವರ್, ಅತ್ತಲಿನ ದೊಡ್ಡ ಯಂತ್ರದ ಪ್ರೋಗ್ರಾಂ ಕ್ಲೈಂಟ್. ಬರೆಯುವ ಹಲಗೆ ಯಾರ ಬಳಿ ಇದೆಯೋ ಅವರು ಸರ್ವರ್. ಇದನ್ನು ಹೊಸಬರಿಗೆ ಹೇಳುವಾಗ ಈಗಲೂ ನನ್ನ ನಾಲಿಗೆ ತೊಡರುತ್ತದೆ.

ಆ ದಿನ ಎರಡು ಟರ್ಮಿನಲ್‌ಗಳನ್ನು ಈಥರ್ನೆಟ್ (ಕಚೇರಿಯ ನೆಟ್‌ವರ್ಕ್ ಕೇಬಲ್) ತಲುಪದ ಕಟ್ಟಡಕ್ಕೆ ಸಾಗಿಸಿದ್ದೆವು. ಅಲ್ಲಿಗಿದ್ದದ್ದು ಫೋನ್ ತಂತಿ ಮಾತ್ರ. ಎರಡೂ ತುದಿಗೆ ಮೋಡೆಮ್, ಸೆಕೆಂಡಿಗೆ 19,200 ಬಿಟ್, ಈಚೆ ತುದಿಯಲ್ಲಿ ಕಮ್ಯುನಿಕೇಷನ್ ಸರ್ವರ್, ಅಂದರೆ ಇಂಥ ತಂತಿಗಳನ್ನು ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ. ಒಂದೊಂದು ಬೈಟ್‌ಗೂ ಆರಂಭ ಮತ್ತು ಅಂತ್ಯದ ಬಿಟ್ ಸೇರಿ ಹತ್ತು ಬಿಟ್. ಅಂದರೆ ಸೆಕೆಂಡಿಗೆ 1,920 ಬೈಟ್. 1024 ಅಡ್ಡ, 768 ಉದ್ದದ ಕಪ್ಪುಬಿಳುಪು ಪರದೆಯನ್ನು ಚುಕ್ಕಿ ಚುಕ್ಕಿಯಾಗಿ ಕಳಿಸಿದರೆ 51 ಸೆಕೆಂಡು ಬೇಕು. ಪುಣ್ಯಕ್ಕೆ ಎಕ್ಸ್ ಚುಕ್ಕಿ ಕಳಿಸುವುದು ಕಡಿಮೆ. "ಇಲ್ಲಿಂದ ಅಲ್ಲಿಗೆ ಗೆರೆ ಎಳೆ", "ಈ ಅಕ್ಷರ ಬರೆ" ಎಂಬ ಆಜ್ಞೆಗಳೇ ಹೆಚ್ಚು. ಆದರೆ ಮೌಸ್‌ನ ಪ್ರತಿ ಅಲುಗಾಟವೂ 32 ಬೈಟ್‌ನ ಸುದ್ದಿ. ಇವನ್ನೆಲ್ಲ ಹಿಂಡಿ ಸಣ್ಣದಾಗಿಸಲು ನೆಟ್‌ವರ್ಕ್ ಕಂಪ್ಯೂಟಿಂಗ್ ಡಿವೈಸಸ್ ಕಂಪನಿಯವರ ಎಕ್ಸ್‌ರಿಮೋಟ್ ಎಂಬ ವಿಧಾನ ಇತ್ತು.

ಹೀಗೆ ಬಿಟ್‌ಗಳು ಒಂದರ ಹಿಂದೊಂದು ಸಾಗುವ ಸೀರಿಯಲ್ ತಂತಿಯ ತುದಿಯ ಟರ್ಮಿನಲ್‌ಗೆ ಐಪಿ ವಿಳಾಸವೇ ಇಲ್ಲ. ಅದರ ಪರವಾಗಿ ಕಮ್ಯುನಿಕೇಷನ್ ಸರ್ವರ್ ತನ್ನ ವಿಳಾಸ ಕೊಟ್ಟು ನಿಲ್ಲುತ್ತದೆ. ಯುಡಿಪಿ 177ನೇ ಪೋರ್ಟ್‌ನಲ್ಲಿ, ಅಂದರೆ ಲಾಗಿನ್ ಕೋರಿಕೆಗೆಂದೇ ಇರುವ ಬಾಗಿಲಲ್ಲಿ, ಯುನಿಕ್ಸ್ ಯಂತ್ರದ ಕದ ತಟ್ಟಿ ಲಾಗಿನ್ ಪರದೆ ಕೇಳುತ್ತದೆ. ಪ್ರೋಗ್ರಾಂಗಳ ಟಿಸಿಪಿ (ನೆಟ್‌ವರ್ಕ್) ಸಂಪರ್ಕ ತಾನು ತೆಗೆದುಕೊಂಡು ತಂತಿಗೆ ದಾಟಿಸುತ್ತದೆ. ಹಾಗಾಗಿ ಚಿತ್ರ ಯಾವ ಪರದೆಗೆ ಹೋಗಬೇಕೆಂದು ಪ್ರೋಗ್ರಾಂಗೆ ಹೇಳುವ ಡಿಸ್‌ಪ್ಲೇ ವೇರಿಯಬಲ್‌ನಲ್ಲಿ ಅದರ ಹೆಸರಿರಬೇಕು, ಮುಂದಿನ ಸಂಖ್ಯೆ ಯಾವ ಲೈನ್ ಎಂದು ಹೇಳಬೇಕು. ಲಾಗಿನ್ ಆದಾಗ ಇದು ತಾನಾಗಿಯೇ ಸರಿಯಾಗಿತ್ತು. ಕೆಡಿಸಿದವನು ನಾನು. ಈಥರ್ನೆಟ್ ಕಾಲದಲ್ಲಿ ನನ್ನ ಸಿಎಸ್‌ಎಚ್‌ಆರ್‌ಸಿ ಕಡತದಲ್ಲಿ (ಲಾಗಿನ್ ಆದಾಗಲೆಲ್ಲ ಓಡುವ ಆಜ್ಞೆಗಳ ಪಟ್ಟಿ) ಹಳೆಯ ಟರ್ಮಿನಲ್ ಹೆಸರನ್ನು ಖಾಯಂ ಬರೆದಿಟ್ಟಿದ್ದೆ. ಆ ಹೆಸರು ಈಗ ಲೆಕ್ಕಪತ್ರದವರ ಪೆಟ್ಟಿಗೆಗೆ ಹೋಗಿತ್ತು. ಅಲ್ಲಿ ಎಕ್ಸ್‌ಹೋಸ್ಟ್ ಪ್ಲಸ್ ಎಂಬ ಆಜ್ಞೆ ಹಾಕಿ, ಯಾವ ಯಂತ್ರದಿಂದ ಬೇಕಾದರೂ ಚಿತ್ರ ಬಿಡಿಸಬಹುದು ಎಂದು ಬಾಗಿಲು ತೆರೆದಿಟ್ಟವನೂ ನಾನೇ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಸಮರ್ಥನೆಯಲ್ಲ.

ಸಾಲನ್ನು ಅಳಿಸಿದೆ, ಗಡಿಯಾರ ನನ್ನ ಪರದೆಗೇ ಬಂತು. ಐದು ನಿಮಿಷ ಓಡಿ ನಿಂತಿತು.

ಮೌಸ್ ಅಲ್ಲಾಡಿಸಿದರೆ ಒಮ್ಮೊಮ್ಮೆ ಜೀವ ಬರುತ್ತಿತ್ತು, ಒಮ್ಮೊಮ್ಮೆ ಸೆಷನ್ನೇ ಸಾಯುತ್ತಿತ್ತು. ಮಧ್ಯಾಹ್ನ ಪೂರ್ತಿ ನಾನು ಮೌಸ್ ಅಲ್ಲಾಡಿಸುವ ವೈದ್ಯನಾಗಿದ್ದೆ. ಎಡಕ್ಕೆ ಮೂರು ಸುತ್ತು ಹಾಕಿದರೆ ಗುಣ ಹೆಚ್ಚು ಎಂಬ ನಂಬಿಕೆಯೂ ಬಂದಿತ್ತು! ಹಿರಿಯ ಎಂಜಿನಿಯರ್ ಮೇಡಂ ಬಂದು ಪರದೆ ನೋಡಲಿಲ್ಲ, ಕೇಬಲ್ ಕೈಗೆತ್ತಿಕೊಂಡರು.

"ಇದನ್ನ ಯಾರು ಮಾಡಿದ್ದು?"

"ನಾನೇ ಮೇಡಂ."

"ಮೂರೇ ತಂತಿ ಹಾಕಿದ್ದೀರಲ್ಲ. ಫ್ಲೋ ಕಂಟ್ರೋಲ್ ಹೇಗೆ?"

"ಎಕ್ಸಾನ್ ಎಕ್ಸಾಫ್..." ಎನ್ನುವಷ್ಟರಲ್ಲೇ ನನಗೂ ಹೊಳೆಯಿತು. ಫ್ಲೋ ಕಂಟ್ರೋಲ್ ಎಂದರೆ ಮಾಹಿತಿ ಉಕ್ಕದಂತೆ ಕಳಿಸುವವನನ್ನು ತಡೆದು ಬಿಡುವುದು. ಎಕ್ಸಾನ್ ಎಕ್ಸಾಫ್ ಪದ್ಧತಿಯಲ್ಲಿ 19 ಎಂಬ ಬೈಟ್ ಬಂದರೆ "ನಿಲ್ಲಿಸು", 17 ಬಂದರೆ "ಮುಂದುವರಿಸು". ಬರೀ ಅಕ್ಷರ ಟೈಪಿಸುವ ಟರ್ಮಿನಲ್‌ಗೆ ಸರಿ. ಹಿಂಡಿದ ಚಿತ್ರಮಾಹಿತಿಯಲ್ಲಿ ಯಾವ ಬೈಟ್ ಯಾವಾಗ ಬೇಕಾದರೂ ಬರಬಹುದು. ಟರ್ಮಿನಲ್‌ನಿಂದ ಹೊರಟ 19, ಕಮ್ಯುನಿಕೇಷನ್ ಸರ್ವರ್‌ನ ಬಾಯಿ ಕಟ್ಟುತ್ತಿತ್ತು. ಮೌಸ್ ಸುದ್ದಿಯಲ್ಲಿ 17 ಸಿಕ್ಕಿದರೆ ಕಟ್ಟು ಬಿಚ್ಚುತ್ತಿತ್ತು. ನನ್ನ ವೈದ್ಯದ ಗುಟ್ಟು ಅಷ್ಟೇ.

ಅದೇ "ನಿಲ್ಲಿಸು, ಮುಂದುವರಿಸು" ಸಂಕೇತವನ್ನು ಬೈಟ್ ಬದಲು ಬೇರೆ ತಂತಿಯಲ್ಲೇ ಸಾಗಿಸುವ ಆರ್‌ಟಿಎಸ್, ಸಿಟಿಎಸ್‌ಗೆ, ಅಂದರೆ 25 ಪಿನ್ ಕನೆಕ್ಟರ್‌ನ 4 ಮತ್ತು 5ನೇ ಪಿನ್‌ಗೆ ತಂತಿ ಬೆಸೆದೆ, ಕೈ ಸುಟ್ಟುಕೊಂಡೆ. ಎಲ್ಲ ಪೋರ್ಟ್‌ಗಳನ್ನೂ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್‌ಗೆ ಬದಲಿಸಿದೆ. ಸಂಜೆ ಗಡಿಯಾರ ನಿಲ್ಲದೆ ಓಡಿತು. ಅಕ್ಷರಗಳು ಬೆರಳಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿದ್ದವು, ದೊಡ್ಡ ಕಿಟಕಿ ತೆರೆದರೆ ಮೇಲಿನಿಂದ ಕೆಳಗೆ ಬಣ್ಣ ಹೊಡೆದ ಹಾಗೆ ಕಾಣುತ್ತಿತ್ತು, ಆದರೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಲೆಕ್ಕಪತ್ರದವರ ಫೋನ್. ಹಿಂದಿನ ದಿನ ಲಾಗೌಟ್ ಮಾಡದೆ ಮನೆಗೆ ಹೋಗಿದ್ದರಂತೆ, ನನ್ನ ಮೂರೂ ಗಡಿಯಾರ ಅಲ್ಲೇ ಓಡುತ್ತಿದ್ದವು.

"ಎರಡು ತೆಗೀರಿ," ಅಂದರು. "ಒಂದು ಇರ್ಲಿ."