ಊಜಿ ಚುಕ್ಕೆ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕೋ ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಇರುತ್ತೆ. ಹೊಸಬರು ಸೊಳ್ಳೆಗೆ ಅಂದ್ಕೋತಾರೆ. ಅದು ಊಜಿ ನೊಣಕ್ಕೆ. 1980ರಲ್ಲಿ ಬಂಗಾಳದಿಂದ ಬಂದು ಕರ್ನಾಟಕದಲ್ಲಿ ಬೀಡುಬಿಟ್ಟ ನೊಣ. ಪರದೆ ಇಲ್ಲದ ಕಾಲ ನಮ್ಮತ್ತೆಗೆ ಚೆನ್ನಾಗಿ ನೆನಪಿದೆ.

ನೋಡೋಕೆ ಬೂದು ಬಣ್ಣ, ಮನೆನೊಣಕ್ಕಿಂತ ದೊಡ್ಡದು. ರೇಷ್ಮೆ ಹುಳದ ಮೈಮೇಲೆ ಒಂದೋ ಎರಡೋ ಮೊಟ್ಟೆ ಇಟ್ಟು ಪಕ್ಕದ ಹುಳಕ್ಕೆ ಹೋಗುತ್ತೆ. ಮೊಟ್ಟೆ ಕೆನೆ ಬಣ್ಣ, ಗಸಗಸೆಗಿಂತ ಸಣ್ಣದು. ಎರಡು ಮೂರು ದಿನಕ್ಕೆ ಒಡೆದು, ಮರಿ ಚರ್ಮ ಕೊರೆದು ಒಳಗೆ ಸೇರುತ್ತೆ. ಆ ಜಾಗದಲ್ಲಿ ಕಪ್ಪು ಚುಕ್ಕೆ.

ಈ ಚುಕ್ಕೆಯ ವಿಷಯ ತಿಳಿದಾಗ ನನಗೆ ಮೈ ಜುಮ್ಮಂದಿತ್ತು. ಗಾಯ ಮುಚ್ಚೋಕೆ ಹುಳದ ಮೈಯೇ ಅಲ್ಲಿ ಗಟ್ಟಿ ಕಪ್ಪು ಪದರ ಕಟ್ಟುತ್ತೆ. ಅದು ಮರಿಯ ಸುತ್ತ ಕೊಳವೆ ಥರ ನಿಲ್ಲುತ್ತೆ. ಊಜಿ ಮರಿ ಉಸಿರಾಡೋದು ಹಿಂಭಾಗದಿಂದ. ಹಿಂಭಾಗ ಆ ತೂತಿಗಿಟ್ಟು, ಬಾಯಿ ಒಳಗೆ ಹಾಕಿ, ಕೊಬ್ಬು ತಿಂತಾ ಆರಾಮಾಗಿ ಬೆಳೆಯುತ್ತೆ.

ಪೊರೆ ಬಿಡೋಕೆ ಮುಂಚೆ ಹುಳ ತಿನ್ನೋದು ಬಿಟ್ಟು ಸುಮ್ಮನಿರೋದಕ್ಕೆ ಜ್ವರ ಅಂತೀವಿ. ಮೊಟ್ಟೆ ಒಡೆಯೋ ಮುಂಚೆ ಹುಳ ಜ್ವರಕ್ಕೆ ಕೂತು ಪೊರೆ ಬಿಟ್ಟರೆ ಬಚಾವ್, ಮೊಟ್ಟೆ ಪೊರೆ ಜತೆಗೇ ಹೋಗುತ್ತೆ. ನಾಲ್ಕನೇ ಜ್ವರವೇ ಕೊನೇದು, ಅದು ಎದ್ದ ಮೇಲೆ ಆ ದಾರಿಯಿಲ್ಲ. ಆಗ ಶುರುವಲ್ಲೇ ಮೊಟ್ಟೆ ಬಿದ್ದರೆ ಹುಳ ಗೂಡು ಕಟ್ಟದೆ ಸಾಯುತ್ತೆ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾಗೋ ಹೊತ್ತಿಗೆ ಬಿದ್ದರೆ, ಗೂಡು ಕಟ್ಟೋಕೆ ಹುಳ ಬಿಡೋ ಚಂದ್ರಿಕೆ ತುಂಬ ಗೂಡು ಕಂಡು ಖುಷಿಪಡ್ತೀವಿ, ಆಮೇಲೆ ಮರಿ ಗೂಡನ್ನೇ ತೂತು ಮಾಡಿ ಹೊರಗೆ ಬರುತ್ತೆ. ತೂತು ಗೂಡಲ್ಲಿ ನೂಲು ಬಿಚ್ಚೋಕಾಗಲ್ಲ. ಮಾರ್ಕೆಟ್ಟಲ್ಲಿ ಗೂಡು ಕೊಂಡು ನೂಲು ತೆಗೆಯೋ ರೀಲರ್ ನಮ್ಮ ಗೂಡಿನ ಲಾಟಿಗೆ ಕೈಹಾಕಿ, "ಏನಕ್ಕಾ, ಊಜಿ ಹೊಡೆದೈತಾ?" ಅಂದ್ರೆ ಮುಗೀತು, ರೇಟು ಇಳೀತು ಅಂತಲೇ.

ಹೊರಬಂದ ಮರಿ ಮೂಲೆ, ಬಿರುಕು, ಮಣ್ಣು ಹುಡುಕಿ ಅಲ್ಲೇ ಕೋಶವಾಗುತ್ತೆ. ಕಂದು ಬಣ್ಣದ ಉದ್ದನೆ ಕಾಳು. ಹತ್ತು ಹನ್ನೆರಡು ದಿನಕ್ಕೆ ಮತ್ತೆ ನೊಣ. ಅದಕ್ಕೇ ಗುಡಿಸಿದ ಮರಿಗಳನ್ನ ತಿಪ್ಪೆಗೆ ಸುರಿಯೋರನ್ನ ಕಂಡರೆ ನನಗಾಗಲ್ಲ, ಮುಂದಿನ ಬೆಳೆಗೆ ಇಡೀ ಊರಿಗೇ ಹಂಚಿದ ಹಾಗೆ. ಸೋಪು ನೀರಿಗೆ ಹಾಕಿ ಸಾಯಿಸಬೇಕು.

ಊಜಿಗೂ ಒಂದು ಶತ್ರು ಇದೆ. ನೆಸೊಲಿಂಕ್ಸ್ ಥೈಮಸ್ ಅನ್ನೋ ಪುಟ್ಟ ಕಣಜ, ಊಜಿಯ ಕೋಶದೊಳಗೇ ಮೊಟ್ಟೆ ಇಡುತ್ತೆ. ನಾನು ಮೊದಲ ಸಲ ಆ ಕಣಜದ ಚೀಲ ತಂದಾಗ ನಮ್ಮತ್ತೆ, "ಇರೋ ಕಾಟ ಸಾಲದು ಅಂತ ಇದನ್ನ ಬೇರೆ ದುಡ್ಡು ಕೊಟ್ಟು ತಂದ್ಯಾ?" ಅಂತ ಬೈದಿದ್ರು. ಈಗ ಆ ಚೀಲ ಅವರೇ ಕಟ್ತಾರೆ, ಇರುವೆಗೆ ಸಿಗದ ಹಾಗೆ.