11.6 ಬಂದ್ರೆ 11.6 ಅಂತಾನೇ ಬರೀಬೇಕು

ಕೊಪ್ಪಳ ಜಿಲ್ಲೆಯಲ್ಲಿ ಮಕ್ಕಳ ಪೌಷ್ಟಿಕತೆ ಸರ್ವೆ ಮಾಡುವ ತಂಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕುಷ್ಟಗಿ, ಯಲಬುರ್ಗಾ, ಕನಕಗಿರಿ ಕಡೆಯ ಹಳ್ಳಿಗಳು. ತೂಕ, ಎತ್ತರ, ತೋಳಿನ ಸುತ್ತಳತೆ, ಆಮೇಲೆ ತಾಯಿಗೆ ಒಂದಿಷ್ಟು ಪ್ರಶ್ನೆ. ಹೊಸಬರಿಗೆ ಟೇಪ್ ಹಿಡಿಯೋದು ಬೇಗ ಬರುತ್ತದೆ. ಟೇಪ್ ತೋರಿಸಿದ್ದನ್ನು ಹಾಗೇ ಬರೆಯೋಕೆ ಮನಸ್ಸು ಒಪ್ಪೋದು ತಡವಾಗುತ್ತದೆ.

ತೋಳಿನ ಸುತ್ತಳತೆಗೆ ಮುವಾಕ್ ಟೇಪ್ ಅಂತ ಒಂದಿದೆ. ಅಂಗನವಾಡಿಯವರಿಗೆಲ್ಲ ಗೊತ್ತು. ಎಡಗೈ ಭುಜದ ತುದಿಗೂ ಮೊಣಕೈಗೂ ನಡುವೆ ಗುರುತು ಹಾಕಿ, ಕೈ ಸಡಿಲ ಬಿಡಿಸಿ ಸುತ್ತಬೇಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ಸ್ಯಾಮ್, ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರ ಒಳಗಿದ್ದರೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. ಕುಷ್ಟಗಿ ತಾಲ್ಲೂಕಿನ ಒಂದು ಊರಲ್ಲಿ ಅಜ್ಜಿಯ ತೊಡೆ ಮೇಲೆ ಕೂತ ಹುಡುಗಿಗೆ 11.6 ಬಂತು. ತೋಳು ಕಡ್ಡಿ ಥರ ಇತ್ತು. ಅಜ್ಜಿ ಕೇಳಿದ್ದು ಒಂದೇ ಮಾತು, "ನಮ್ ಕೂಸಿಗೆ ಏನರ ಕೊಡ್ತಾರೇನ್ರಿ?" ಅಳತೆ ಮಾಡಿದ ಹುಡುಗಿ ಹೊಸಬಳು, ಪಕ್ಕದೂರಿನವಳೇ. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಸರ್, ಎರಡು ಗೆರೆ ಅಷ್ಟೇ ಅಲ್ವಾ? 11.4 ಅಂತ ಬರೀಲಾ?" ಅಂದಳು.

ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ ಅದು. ಅದಕ್ಕೇ ಉತ್ತರ ಕೊಡೋದು ಕಷ್ಟ. ಬೈದು ಬಾಯಿ ಮುಚ್ಚಿಸಿದರೆ ಮುಂದಿನ ಊರಲ್ಲಿ ನನಗೆ ಹೇಳದೆ ಬರೀತಾಳೆ.

ನಾವು ಮಾಡಿದ್ದು ಇಷ್ಟು. ತಂಡದ ಇನ್ನೊಬ್ಬರನ್ನು ಕರೆದು, ಮೊದಲ ಅಳತೆ ಎಷ್ಟು ಅಂತ ಹೇಳದೆ, ಮತ್ತೆ ಅಳೆಸಿದೆವು. ಆಗಲೂ 11.6. ಅದನ್ನೇ ಬರೆದೆವು. ಆಮೇಲೆ ಮಗುವಿನ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡಿದೆವು. ಒತ್ತಿದ ಜಾಗದಲ್ಲಿ ಗುಳಿ ಉಳಿದರೆ ಅದು ಬಾವು. ಟೇಪ್ ಏನೇ ಹೇಳಲಿ, ಎರಡೂ ಪಾದದಲ್ಲಿ ಬಾವಿದ್ದ ಮಗು ಸ್ಯಾಮ್ ಲೆಕ್ಕಕ್ಕೇ ಬರುತ್ತದೆ. ಈ ಕೂಸಿಗೆ ಬಾವು ಇರಲಿಲ್ಲ. ಆದರೂ ಜ್ವರ, ಭೇದಿ ಬಂದಿತ್ತಾ, ಊಟ ಸೇರ್ತಿದೆಯಾ ಅಂತ ಕೇಳಿ, ಆಶಾ ಕಾರ್ಯಕರ್ತೆಯನ್ನು ಅಲ್ಲೇ ಕರೆಸಿ, ಬೇರೆ ಪಟ್ಟಿಗೆ ಹೆಸರು ಸೇರಿಸಿದೆವು. ಸರ್ವೆ ಫಾರಂ ಬೇರೆ, ಆರೈಕೆಗೆ ಕಳಿಸೋ ಪಟ್ಟಿ ಬೇರೆ. ಕರುಣೆಗೆ ಆ ಎರಡನೇ ಪಟ್ಟಿಯಲ್ಲಿ ಬೇಕಾದಷ್ಟು ಜಾಗ ಇದೆ. ಹಳದಿ ಮಗುವನ್ನೂ ಡಾಕ್ಟರ್ ಹತ್ತಿರ ಕಳಿಸಬೇಡಿ ಅಂತ ಯಾರೂ ಹೇಳಿಲ್ಲ.

ಸಂಜೆ ಜೀಪಲ್ಲಿ ಅವಳಿಗೆ ಹೇಳಿದ್ದು: ಈ ವರ್ಷ ನೀನು, ನಿನ್ನಂಥ ಇನ್ನೂ ಹತ್ತು ಮಂದಿ ಒಳ್ಳೆ ಮನಸ್ಸಿಂದ ಒಂದೆರಡು ಗೆರೆ ಇಳಿಸ್ತೀರಿ ಅಂದುಕೋ. ತಾಲ್ಲೂಕಿನಲ್ಲಿ ಸ್ಯಾಮ್ ಮಕ್ಕಳು ಜಾಸ್ತಿ ಅಂತ ವರದಿ ಬರುತ್ತದೆ. ಮುಂದಿನ ಸಲ ಬೇರೆ ತಂಡ ಬಂದು ಸರಿಯಾಗಿ ಅಳೆಯುತ್ತದೆ. ಸಂಖ್ಯೆ ಇಳಿಯುತ್ತದೆ. ಮೇಲಿನವರು "ನೋಡಿ, ಸುಧಾರಿಸಿದೆ" ಅಂತ ದುಡ್ಡು ಬೇರೆ ಕಡೆ ತಿರುಗಿಸ್ತಾರೆ. ಮಕ್ಕಳ ತೋಳು ಮಾತ್ರ ಇದ್ದ ಹಾಗೇ ಇರುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಕೆಂಪು ಮಕ್ಕಳು ಜಾಸ್ತಿಯಾದರೆ ನೋಟಿಸ್ ಬರುತ್ತದೆ ಅನ್ನೋ ಭಯಕ್ಕೆ ಟೇಪನ್ನು ಸುಮ್ನೆ ಸಡಿಲ ಹಿಡಿಯುವವರನ್ನೂ ನೋಡಿದ್ದೇನೆ. ಅವರೂ ಕೆಟ್ಟವರಲ್ಲ.

ವಯಸ್ಸಿನದು ಇನ್ನೊಂದು ಕಥೆ. "ಎರಡು ವರ್ಷ ಆಗ್ಯಾವ್ರಿ" ಅಂತಾರೆ. 22 ತಿಂಗಳಿದ್ದರೂ ಎರಡು ವರ್ಷ, 27 ಇದ್ದರೂ ಎರಡು ವರ್ಷ. 22 ತಿಂಗಳ ಮಗುವನ್ನು 24 ಅಂತ ಬರೆದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಲೆಕ್ಕ ತೋರಿಸುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ವರ್ಷ ದಾಟಿದ ಮೇಲೆ ನಿಲ್ಲಿಸಿ. ಅದೇ ಮಗುವನ್ನು ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ತಾಯಿ ಕಾರ್ಡ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಹಬ್ಬ ಹಿಡಿದು ಕೇಳ್ತೀವಿ. ಗವಿಮಠದ ಜಾತ್ರೆಗೆ ಮುಂಚೆ ಹುಟ್ಟಿದ್ದಾ, ಆಮೇಲಾ? ಕಾರಹುಣ್ಣಿಮೆ ಹೊತ್ತಿಗೆ ಅಂಬೆಗಾಲು ಇಡ್ತಿತ್ತಾ? ಅಲಾಯಿ ಹಬ್ಬ, ಅಂದರೆ ಮೊಹರಂ ಹಿಡಿದು ಹೇಳಿದರೆ ಮಾತ್ರ ಹುಷಾರಾಗಿರಬೇಕು. ಅದು ವರ್ಷಕ್ಕೆ ಹೆಚ್ಚುಕಡಿಮೆ 11 ದಿನ ಹಿಂದೆ ಸರಿಯುತ್ತದೆ. ಮೂರು ವರ್ಷಕ್ಕೆ ಒಂದು ತಿಂಗಳೇ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗರು ಒಂದು ಒಳ್ಳೆ ಪ್ರಶ್ನೆ ಕೇಳಿದ್ದರು. "ಆ 11.5 ಯಾರು ಇಟ್ಟಿದ್ದು ಸರ್? ನಮ್ ಕಡೆ ಮಕ್ಕಳು ಇರೋದೇ ಸಣ್ಣ." ನ್ಯಾಯವಾದ ಪ್ರಶ್ನೆ. ಗಡಿ ಮೇಲಿಂದ ಉದುರಿದ್ದಲ್ಲ, ಮನುಷ್ಯರೇ ಕೂತು ತೀರ್ಮಾನ ಮಾಡಿದ್ದು. ಯಾವ ಅಳತೆಯ ಕೆಳಗೆ ಸಾವಿನ ಅಪಾಯ ಹೆಚ್ಚುತ್ತದೆ ಅನ್ನೋದಕ್ಕೆ ದಾಖಲೆ ಇರುತ್ತದೆ. ಎಷ್ಟು ಅಪಾಯ ಆದರೆ ಸುಮ್ಮನಿರಬಾರದು ಅನ್ನೋದು ಮಾತ್ರ ಮನುಷ್ಯರ ನಿರ್ಧಾರ. ನಾವು ಬಳಸುವ ಬೆಳವಣಿಗೆ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದಿದ್ದು. ಅದಕ್ಕಾಗಿ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದಿಲ್ಲಿ. ಎದೆಹಾಲು ಕುಡಿದ, ತಾಯಿ ಬೀಡಿ ಸಿಗರೇಟು ಸೇದದ, ಅನುಕೂಲ ಇರುವ ಮನೆಯ ಮಕ್ಕಳನ್ನೇ ಆರಿಸಿದರು. ಮಕ್ಕಳು ಈಗ ಹೇಗೆ ಬೆಳೀತಿದ್ದಾರೆ ಅಂತಲ್ಲ, ಹೇಗೆ ಬೆಳೀಬೇಕು ಅಂತ ತೋರಿಸೋದು ಅವರ ಉದ್ದೇಶ. ಆ ಆಯ್ಕೆಯಲ್ಲೇ ಒಂದು ನೈತಿಕ ನಿಲುವಿದೆ. ನನಗದು ಸರಿ ಅನ್ನಿಸುತ್ತದೆ. ಅನುಕೂಲ ಇದ್ದ ಕಡೆ ದಿಲ್ಲಿಯ ಮಗುವೂ ನಾರ್ವೆಯ ಮಗುವೂ ಹೆಚ್ಚುಕಡಿಮೆ ಒಂದೇ ಥರ ಬೆಳೆದವು. ಹಾಗಿರುವಾಗ ಯಲಬುರ್ಗಾದ ಮಗುವಿಗೆ ಗಿಡ್ಡ ಪಟ್ಟಿ ಯಾಕೆ ಬೇಕು?

ಮೊಟ್ಟೆ ಗಲಾಟೆ ನೆನಪಿರಬೇಕು. 2021ರ ಡಿಸೆಂಬರ್‌ನಲ್ಲಿ ಕೊಪ್ಪಳ, ರಾಯಚೂರು ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಯಲ್ಲಿ ಮೊಟ್ಟೆ ಶುರುವಾಯ್ತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧ ಮಾಡಿದರು. ಆಗ ಎಲ್ಲಿ ಹೋದರೂ "ನೀವು ಯಾವ ಕಡೆ?" ಅನ್ನೋರು. ನಮ್ಮ ಆಫೀಸಲ್ಲೂ ಎರಡು ಕಡೆ ಇತ್ತು. ನಾನು ಮೊಟ್ಟೆ ತಿನ್ನೋನು, ಲೆಕ್ಕ ಹಾಕುವ ಗೆಳೆಯ ತಿನ್ನದವನು. ನನ್ನ ಅಭಿಪ್ರಾಯ ನಾನು ಮುಚ್ಚಿಡಲಿಲ್ಲ, ಮಕ್ಕಳಿಗೆ ಕೊಡಬೇಕು ಅಂತಲೇ ಹೇಳಿದೆ. ಆದರೆ ತೂಕ ಎಷ್ಟು ಏರಿತು ಅನ್ನೋದನ್ನು ತಕ್ಕಡಿ ಹೇಳಬೇಕು, ನಾನಲ್ಲ. ಮನೆಯಲ್ಲಿ ಬೇಡ ಅನ್ನೋ ಮಗುವಿಗೆ ಏನು ಕೊಡಬೇಕು ಅನ್ನೋದನ್ನು ಮನುಷ್ಯರು ಹೇಳಬೇಕು, ತಕ್ಕಡಿ ಅಲ್ಲ.

ನನ್ನ ತಲೆ ಜಾಸ್ತಿ ತಿನ್ನೋದು ಮಾತ್ರ ಬೀಗ ಹಾಕಿದ ಮನೆಗಳು. ದೀಪಾವಳಿ ಕಳೆದ ಮೇಲೆ ಮಳೆ ನಂಬಿದ ಊರುಗಳಿಂದ ಜನ ಬೆಂಗಳೂರು, ಮಂಗಳೂರು, ಗೋವಾ ಅಂತ ದುಡಿಯಲು ಹೋಗ್ತಾರೆ. ಮಕ್ಕಳನ್ನೂ ಕರಕೊಂಡು. ತಾಂಡಾಗಳಲ್ಲಿ ಸಾಲು ಮನೆ ಬೀಗ. ಯಾವ ಮನೆಗೆ ಹೋಗಬೇಕು ಅಂತ ಚೀಟಿ ಎತ್ತಿದಾಗ ಬಂದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗಿ ಫಾರಂ ತುಂಬಿಬಿಡೋದು ಸುಲಭ. ಯಾರಿಗೂ ಗೊತ್ತಾಗಲ್ಲ. ಒಂದು ಅಳತೆಯನ್ನೂ ತಪ್ಪು ಬರೆದಿರಲ್ಲ. ಆದರೆ ಪಕ್ಕದ ಮನೆಯವರು ಊರಲ್ಲೇ ಉಳಿದಿದ್ದಾರೆ ಅಂದರೆ ಹೊಲಕ್ಕೆ ನೀರಿದೆ, ಇಲ್ಲವೇ ಸಂಬಳ ಇದೆ. ಹೀಗೆ ಮಾಡ್ತಾ ಹೋದರೆ ಅತಿ ಬಡವರ ಮಕ್ಕಳೇ ಲೆಕ್ಕದಿಂದ ಮಾಯ. ವರದಿಯಲ್ಲಿ ತಾಂಡಾ ಆರೋಗ್ಯವಾಗಿರುತ್ತದೆ.

ದುಡ್ಡು ಕೊಟ್ಟ ಒಂದು ಸಂಸ್ಥೆಯವರು ಫೆಬ್ರವರಿಗೆ ಮುಗಿಸಿ, ಬೀಗದ ಮನೆ ಬಿಟ್ಟುಬಿಡಿ ಅಂದರು. ಯುಗಾದಿಗೆ ಒಂದಷ್ಟು ಜನ ಬರ್ತಾರೆ, ಆಗ ಮತ್ತೆ ಹೋಗ್ತೀವಿ ಅಂದೆವು. ಜೀಪಿನ ಖರ್ಚಿನ ಮೇಲೆ ಜೋರು ವಾದ ಆಯ್ತು. ಅರ್ಧ ಒಪ್ಪಿದರು. ಹೋದೆವು, ಕೆಲವರು ಸಿಕ್ಕರು, ಉಳಿದವರು ಸಿಗಲಿಲ್ಲ. ಸಿಗದವರನ್ನು "ಬೀಗ" ಅಂತಲೇ ಬರೆದು, ತಾಂಡಾದಲ್ಲಿ ಎಷ್ಟು, ಊರೊಳಗೆ ಎಷ್ಟು ಅಂತ ಬೇರೆ ಬೇರೆ ತೋರಿಸಿದೆವು. ಆ ಕೋಷ್ಟಕ ವರದಿಯ ಮೊದಲ ಪುಟದಲ್ಲೇ ಇರಬೇಕು ಅನ್ನೋದು ನನ್ನ ಹಟ. ಕೊನೆಗೆ ಅನುಬಂಧದಲ್ಲಿ ಹಾಕೋಣ ಬಿಡಿ, ಅಂತ ಅವರು. ಈ ಜಗಳ ಪ್ರತಿ ವರದಿಗೂ ನಡೆಯುತ್ತದೆ.